ಸ್ವೀಡಿಷ್ ಉಚ್ಚಾರಣೆ ಮತ್ತು ಪ್ರಾದೇಶಿಕ ಧಾಟಿಗಳು: ಕನ್ನಡಿಗ ಕಲಿಕಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಸ್ವೀಡಿಷ್ ಕಲಿಸುವ ಪುಸ್ತಕಗಳೂ ವೀಡಿಯೊಗಳೂ ಬಹುಮಟ್ಟಿಗೆ ಇಂಗ್ಲಿಷ್ ಮನೆಮಾತಿನವರನ್ನು ಎದುರಿಗಿಟ್ಟುಕೊಂಡು ತಯಾರಾದವು. ಹೀಗಾಗಿ ನಮಗೆ ಎಳವೆಯಿಂದಲೇ ಬಂದಿರುವ ಹ್ರಸ್ವ–ದೀರ್ಘ ಭೇದ, ಒತ್ತಕ್ಷರ, ತಕಾರ–ಟಕಾರಗಳ ವ್ಯತ್ಯಾಸ ಇವೆಲ್ಲವನ್ನೂ ಅವು ದೊಡ್ಡ ಕಷ್ಟವೆಂಬಂತೆ ವಿವರಿಸುತ್ತವೆ. ಪದದ ಕೊನೆಗೆ ಉಕಾರ ಸೇರಿಸುವುದು, ಎಕಾರದ ಮುಂದೆ ಯಕಾರ ತರುವುದು, ಎಲ್ಲ ಅಕ್ಷರಗಳನ್ನೂ ಒಂದೇ ತೂಕದಲ್ಲಿ ನುಡಿಯುವುದು ಮೊದಲಾದ ನಮ್ಮ ನಿಜವಾದ ತೊಡಕುಗಳ ಸುದ್ದಿಗೇ ಬರುವುದಿಲ್ಲ. ಕನ್ನಡ ವ್ಯಾಕರಣದ ಪರಿಭಾಷೆಯನ್ನೇ ಹಿಡಿದು ಹೋದರೆ ಈ ಭಾಷೆಯ ಉಚ್ಚಾರಣೆ ಎಷ್ಟೋ ಬೇಗ ಕೈಗೆ ಬರುತ್ತದೆ ಎಂಬುದು ಈ ಬರಹದ ನಿಲುವು. ಪ್ರಾದೇಶಿಕ ಧಾಟಿಗಳ ವಿಷಯದಲ್ಲಿ ಸೂತ್ರ ಇನ್ನೂ ಸರಳ: ಆಡುವುದಕ್ಕೆ ಒಂದೇ ಧಾಟಿ ಸಾಕು, ಕೇಳುವುದಕ್ಕೆ ನಾಲ್ಕೈದಾದರೂ ಬೇಕು.

ಮುಂದೆ ಸ್ವೀಡಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆಯಲಾಗಿದೆ. ಸ್ವೀಡಿಷ್ ವರ್ಣಮಾಲೆಯ 29 ಅಕ್ಷರಗಳ ಪೈಕಿ ಕೊನೆಯ ಮೂರು, ಅಂದರೆ ತಲೆಯ ಮೇಲೆ ಸೊನ್ನೆಯಿರುವ ಎ, ಎರಡು ಚುಕ್ಕೆಯ ಎ, ಎರಡು ಚುಕ್ಕೆಯ ಓ, ಸ್ವರಗಳೇ. ಇವುಗಳಲ್ಲಿ ಮೊದಲನೆಯದು ನಮ್ಮ ಓಕಾರ, ಎರಡನೆಯದು ಏಕಾರಕ್ಕಿಂತ ಬಾಯಿ ತುಸು ತೆರೆದ ಸ್ವರ. ಮೂರನೆಯದಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಆದ್ದರಿಂದ ಇಲ್ಲಿನ ಬರವಣಿಗೆಯನ್ನು ಸನ್ನಿಹಿತ ರೂಪವೆಂದು ತಿಳಿದು, ಪ್ರತಿ ಪದವನ್ನೂ ಧ್ವನಿಮುದ್ರಣದ ಜೊತೆ ತಾಳೆ ನೋಡಬೇಕು. ಸ್ವೀಡಿಷ್ ಅಕಾಡೆಮಿಯ ನಿಘಂಟು ತಾಣದಲ್ಲಿಯೂ, ವಲಸೆ ಬಂದವರಿಗಾಗಿಯೇ ರೂಪಿಸಿದ ಲೆಕ್ಸಿನ್ ನಿಘಂಟಿನಲ್ಲಿಯೂ ಪದಗಳ ಉಚ್ಚಾರಣೆಯನ್ನು ಉಚಿತವಾಗಿ ಕೇಳಬಹುದು.

ಹಂತ 1: ಯಾವ ಊರಿನ ಸ್ವೀಡಿಷ್ ಎಂದು ಮೊದಲೇ ತೀರ್ಮಾನಿಸಿ

ಬೆಂಗಳೂರಿನಿಂದ ಕೆಲಸದ ಮೇಲೆ ಹೋಗುವವರು ಸಾಮಾನ್ಯವಾಗಿ ಸೇರುವ ಊರುಗಳು ಕೆಲವೇ. ಎರಿಕ್ಸನ್ ಕಂಪನಿಯ ಕೇಂದ್ರ ಕಚೇರಿ ಸ್ಟಾಕ್‌ಹೋಮ್‌ನ ಕಿಸ್ತಾದಲ್ಲಿದೆ, ವೋಲ್ವೊ ಗೋಥೆನ್‌ಬರ್ಗ್‌ನಲ್ಲಿದೆ, ಟೆಟ್ರಾ ಪ್ಯಾಕ್‌ನ ದೊಡ್ಡ ನೆಲೆ ದಕ್ಷಿಣದ ಲುಂಡ್‌ನಲ್ಲಿದೆ. ಈ ಮೂರೂ ಊರುಗಳ ಧಾಟಿ ಬೇರೆ ಬೇರೆ. ಪಠ್ಯಪುಸ್ತಕಗಳು ಕಲಿಸುವುದು ಸ್ಟಾಕ್‌ಹೋಮ್ ಮತ್ತು ಮೇಲಾರೆನ್ ಸರೋವರದ ಸುತ್ತಲಿನ ಮಾತನ್ನು ಆಧರಿಸಿದ ‘ರಿಕ್ಸ್‌ಸ್ವೆನ್ಸ್ಕ’ ಎಂಬ ಶಿಷ್ಟ ರೂಪವನ್ನು. ಎಲ್ಲಿ ನೆಲೆಸುತ್ತೇವೆಂದು ಖಚಿತವಿಲ್ಲದವರು ಇದನ್ನೇ ಹಿಡಿಯುವುದು ಕ್ಷೇಮ.

ತೀರ್ಮಾನಕ್ಕೆ ಒಂದೇ ಒಂದು ಧ್ವನಿಯನ್ನು ಗಡಿಗಲ್ಲಾಗಿ ಇಟ್ಟುಕೊಳ್ಳಿ: ಅದು ರಕಾರ. ದೇಶದ ಮಧ್ಯ ಮತ್ತು ಉತ್ತರ ಭಾಗದಲ್ಲಿ ರಕಾರ ನಮ್ಮದರಂತೆಯೇ ನಾಲಿಗೆಯ ತುದಿಯಲ್ಲಿ ಹುಟ್ಟುತ್ತದೆ. ದಕ್ಷಿಣದ ಪ್ರಾಂತಗಳಾದ ಸ್ಕೋನೆ, ಬ್ಲೇಕಿಂಗೆ, ದಕ್ಷಿಣ ಹಲ್ಲಾಂಡ್ ಮತ್ತು ಸ್ಮೋಲಾಂಡ್‌ನ ದಕ್ಷಿಣ ಭಾಗಗಳಲ್ಲಿ ಅದು ಡ್ಯಾನಿಷ್, ಫ್ರೆಂಚ್‌ಗಳಲ್ಲಿರುವಂತೆ ಗಂಟಲಿನಲ್ಲಿ ಹುಟ್ಟುತ್ತದೆ. ನಾಲ್ಕನೆಯ ಹಂತದಲ್ಲಿ ಹೇಳುವ ಮೂರ್ಧನ್ಯಗಳು (ಟ, ಡ, ಣ, ಳ, ಷ) ನಾಲಿಗೆಯ ರಕಾರಕ್ಕೆ ಮಾತ್ರ ಸೇರಿದವು. ಗಂಟಲಿನ ರಕಾರದವರಲ್ಲಿ ಅವು ಇಲ್ಲವೇ ಇಲ್ಲ. ಎರಡನ್ನೂ ಬೆರೆಸಿ ಆಡಿದರೆ ಯಾವ ಊರಿನವರಿಗೂ ಅದು ತಮ್ಮ ಮಾತೆನಿಸದು. ಕನ್ನಡಿಗರಿಗೆ ನಾಲಿಗೆಯ ರಕಾರವೇ ಸಹಜವಾಗಿರುವುದರಿಂದ, ಮಾಲ್ಮೊ ಅಥವಾ ಲುಂಡ್‌ನಲ್ಲಿದ್ದರೂ ಅದನ್ನೇ ಉಳಿಸಿಕೊಂಡು ಮಧ್ಯ ಸ್ವೀಡನ್ನಿನ ಧಾಟಿಯಲ್ಲಿ ಮಾತನಾಡುವುದರಲ್ಲಿ ತಪ್ಪೇನಿಲ್ಲ.

ಹಂತ 2: ಉದ್ದವನ್ನು ಸರಿಪಡಿಸಿಕೊಳ್ಳಿ

ಸ್ವೀಡಿಷ್‌ನಲ್ಲಿ ಒತ್ತು ಬಿದ್ದ, ಅಂದರೆ ಬಲ ಕೊಟ್ಟು ನುಡಿಯುವ, ಅಕ್ಷರಕ್ಕೆ ಎರಡೇ ಬಗೆ: ದೀರ್ಘ ಸ್ವರದ ಮುಂದೆ ಒಂಟಿ ವ್ಯಂಜನ, ಇಲ್ಲವೇ ಹ್ರಸ್ವ ಸ್ವರದ ಮುಂದೆ ಹಿಗ್ಗಿದ ವ್ಯಂಜನ. ‘ತಾಕ್’ ಎಂದರೆ ಚಾವಣಿ, ‘ತಕ್ಕ್’ ಎಂದರೆ ಧನ್ಯವಾದ. ‘ಗ್ಲಾಸ್’ ಎಂದರೆ ಗಾಜು, ‘ಗ್ಲಸ್ಸ್’ ಎಂದರೆ ಐಸ್‌ಕ್ರೀಂ. ‘ವೇಗ್’ ರಸ್ತೆ, ‘ವೆಗ್ಗ್’ ಗೋಡೆ. ಇಂಗ್ಲಿಷರು ಇದಕ್ಕಾಗಿ ತಿಂಗಳುಗಟ್ಟಲೆ ತಿಣುಕುತ್ತಾರೆ. ಬಳಿ, ಬಳ್ಳಿ, ಬಾಳೆ ಎಂದು ಬೇರೆ ಬೇರೆಯಾಗಿ ನುಡಿದು ಬೆಳೆದ ನಮ್ಮ ಕಿವಿಗೆ ಇದು ಹೊಸದಲ್ಲ.

ನಮ್ಮ ಅಪಾಯ ಬೇರೊಂದು ಕಡೆ ಇದೆ. ಕನ್ನಡದಲ್ಲಿ ಅತಿ ಸಾಮಾನ್ಯವಾದ ಮೂರನೆಯ ಬಗೆ, ಅಂದರೆ ಮನೆ, ಕರೆ, ಬಿಡು ಎಂಬಲ್ಲಿರುವಂತೆ ಹ್ರಸ್ವ ಸ್ವರದ ಮುಂದೆ ಒಂಟಿ ವ್ಯಂಜನ ಬರುವುದು, ಶಿಷ್ಟ ಸ್ವೀಡಿಷ್‌ನ ಒತ್ತಿನ ಅಕ್ಷರದಲ್ಲಿ ಇಲ್ಲ. ಆದ್ದರಿಂದ ‘ಮಾತನಾಡು’ ಎಂಬರ್ಥದ ಪದವನ್ನು ಕಣ್ಣಿಗೆ ಕಂಡಂತೆ ‘ತಲ’ ಎಂದು ಓದಿದರೆ ಕೇಳುವವರಿಗೆ ಅದು ದೀರ್ಘವೋ ದ್ವಿತ್ವವೋ ತಿಳಿಯದೆ ಹೋಗುತ್ತದೆ, ಅದು ‘ತಾಲ’. ಓದುವಾಗ ಒಂದು ನಿಯಮ ನೆನಪಿಡಿ: ಒತ್ತಿನ ಸ್ವರದ ಮುಂದೆ ಒಂದೇ ವ್ಯಂಜನಾಕ್ಷರವಿದ್ದರೆ ಸ್ವರ ದೀರ್ಘ, ಎರಡಿದ್ದರೆ ಹ್ರಸ್ವ. ಪದದ ಕೊನೆಯ ಮಕಾರ, ನಕಾರಗಳು ಈ ನಿಯಮಕ್ಕೆ ಆಗಾಗ ತಪ್ಪುತ್ತವೆ: ಮನೆಗೆ ‘ಹೆಮ್ಮ್’, ಕೋಣೆಗೆ ‘ರುಮ್ಮ್’, ಮನುಷ್ಯನಿಗೆ ‘ಮನ್ನ್’ ಎಂದು ದ್ವಿತ್ವದಿಂದಲೇ ಹೇಳಬೇಕು, ಬರವಣಿಗೆಯಲ್ಲಿ ಮಾತ್ರ ಒಂದೇ ಅಕ್ಷರ.

ಇದೇ ಹಂತದಲ್ಲಿ ಮೂರು ಕನ್ನಡ ಅಭ್ಯಾಸಗಳನ್ನು ಬಿಡಬೇಕು. ಮೊದಲನೆಯದು ಪದಾಂತ್ಯದ ಉಕಾರ. ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡುವ ನಾವು ‘ತಕ್ಕ್’ ಎಂಬುದನ್ನು ‘ತಕ್ಕು’ ಮಾಡುತ್ತೇವೆ. ಕಕಾರದಲ್ಲಿ ನಾಲಿಗೆ ಮುಚ್ಚಿದ ಮೇಲೆ ಅದನ್ನು ಹಾಗೆಯೇ ಒಂದು ಕ್ಷಣ ಹಿಡಿದು, ಸ್ವರವಿಲ್ಲದೆ ಬಿಡುವುದನ್ನು ಅಭ್ಯಾಸ ಮಾಡಿ. ಎರಡನೆಯದು ‘ಎರಡು’ ಎಂಬುದನ್ನು ‘ಯೆರಡು’ ಎನ್ನುವ ಗುಣ. ‘ಒಂದು’ ಎಂಬರ್ಥದ ‘ಎತ್ತ್’ ಪದವನ್ನು ‘ಯೆತ್ತ್’ ಎಂದರೆ, ‘ತುಂಬಾ’ ಎಂಬರ್ಥದ ‘ಯೆತ್ತೆ’ ಹೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದಂತೆ ಕೇಳುತ್ತದೆ. ಮೂರನೆಯದು ಸಮತೂಕದ ಲಯ. ‘ಬನಾನ್’ ಎಂದು ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟರೆ ಬಾಳೆಹಣ್ಣು, ‘ಬಾನನ್’ ಎಂದು ಮೊದಲನೆಯದಕ್ಕೆ ಕೊಟ್ಟರೆ ಓಟದ ಪಥ ಅಥವಾ ಹಳಿ. ‘ಕಫ್ಫೆ’ ಎಂದರೆ ಕಾಫಿ, ‘ಕಫೇ’ ಎಂದರೆ ಕಾಫಿ ಅಂಗಡಿ. ಹೊಸ ಪದ ಕಲಿತಾಗಲೆಲ್ಲ ಒತ್ತು ಯಾವ ಅಕ್ಷರದ ಮೇಲೆ ಬೀಳುತ್ತದೆಂದು ಗುರುತು ಮಾಡಿಕೊಳ್ಳದೆ ಮುಂದೆ ಹೋಗಬಾರದು.

ಹಂತ 3: ತುಟಿಗೆ ಕೆಲಸ ಕೊಡಿ

ಸ್ವೀಡಿಷ್‌ನಲ್ಲಿ ಒಂಬತ್ತು ಸ್ವರಾಕ್ಷರಗಳಿವೆ, ಪ್ರತಿಯೊಂದಕ್ಕೂ ಹ್ರಸ್ವ–ದೀರ್ಘ ರೂಪಗಳಿವೆ. ಇವುಗಳಲ್ಲಿ ಕನ್ನಡಿಗರಿಗೆ ನಿಜವಾಗಿ ಹೊಸದಾದವು ಮೂರು: ವೈ, ಯು ಮತ್ತು ಎರಡು ಚುಕ್ಕೆಯ ಓ. ಕನ್ನಡದಲ್ಲಿ ನಾಲಿಗೆ ಮುಂದಿದ್ದರೆ ತುಟಿ ಅಗಲ, ನಾಲಿಗೆ ಹಿಂದಿದ್ದರೆ ತುಟಿ ದುಂಡು. ಇವೆರಡನ್ನೂ ನಾವು ಬೇರ್ಪಡಿಸಿ ನೋಡಿಯೇ ಇಲ್ಲ. ಈ ಮೂರು ಸ್ವರಗಳಿಗೆ ಬೇಕಾದದ್ದು ಆ ಬೇರ್ಪಡಿಕೆಯೇ.

ಕನ್ನಡಿಯ ಮುಂದೆ ನಿಂತು ‘ನೀ’ ಎಂದು ಎಳೆಯಿರಿ. ಇದು ಸ್ವೀಡಿಷ್‌ನಲ್ಲಿ ‘ನೀವು’. ಈಕಾರ ಹೊರಡುತ್ತಿರುವಾಗಲೇ, ನಾಲಿಗೆಯನ್ನು ಕೂದಲೆಳೆಯಷ್ಟೂ ಕದಲಿಸದೆ, ತುಟಿಗಳನ್ನು ಮಾತ್ರ ಮುಂದಕ್ಕೆ ಚಾಚಿ ದುಂಡಗೆ ಮಾಡಿ. ಈಗ ಹೊರಟ ಸ್ವರವೇ ವೈ, ಆ ಪದದ ಅರ್ಥ ‘ಹೊಸ’. ಮತ್ತೆ ಈಕಾರಕ್ಕೆ ಮರಳಿ, ಈ ಬಾರಿ ತುಟಿಗಳನ್ನು ಮುಂದೆ ಚಾಚದೆ, ಬಿಸಿ ಕಾಫಿಯನ್ನು ಊದುವಾಗ ಮಾಡುವಂತೆ ಸಣ್ಣ ಸಂದಿಯಾಗುವಷ್ಟು ಬಿಗಿಯಿರಿ. ನಾಲಿಗೆ ಸಹಜವಾಗಿ ತುಸು ಹಿಂದೆ ಸರಿಯುತ್ತದೆ. ಇದು ಯು, ಪದದ ಅರ್ಥ ‘ಈಗ’. ನೀವು, ಹೊಸ, ಈಗ ಎಂಬ ಈ ಮೂರು ಪದಗಳ ನಡುವಿನ ವ್ಯತ್ಯಾಸ ಮುಖ್ಯವಾಗಿ ತುಟಿಯದೇ ಆಗಿರುವುದರಿಂದ, ದಿನವೂ ಇವನ್ನೇ ಸಾಲಾಗಿ ಹೇಳಿಕೊಂಡರೆ ಬೇರೆ ಅಭ್ಯಾಸ ಬೇಡ. ಚುಕ್ಕೆಯ ಓ ಸ್ವರವನ್ನು ಇದೇ ಕ್ರಮದಲ್ಲಿ ಏಕಾರದಿಂದ ಹೊರಡಿಸಬಹುದು: ‘ಏ’ ಎನ್ನುತ್ತ ತುಟಿ ದುಂಡು ಮಾಡಿ.

ಯು ಅಕ್ಷರವನ್ನು ಕಂಡೊಡನೆ ಊಕಾರ ನುಡಿಯುವ ಚಪಲ ಬಲವಾಗಿರುತ್ತದೆ. ಸ್ವೀಡಿಷ್‌ನಲ್ಲಿ ಊಕಾರಕ್ಕೆ ಬಳಸುವುದು ಬಹುತೇಕ ಓ ಅಕ್ಷರವನ್ನು: ಪುಸ್ತಕ ‘ಬೂಕ್’, ಸೂರ್ಯ ‘ಸೂಲ್’. ಇನ್ನೊಂದು ಸೂಕ್ಷ್ಮವೆಂದರೆ ರಕಾರದ ಹಿಂದೆ ಬಂದಾಗ ಚುಕ್ಕೆಯ ಎ ಮತ್ತು ಚುಕ್ಕೆಯ ಓ ಎರಡೂ ಬಾಯಿ ತೆರೆಯುತ್ತವೆ. ‘ಇಲ್ಲಿ’ ಎಂಬರ್ಥದ ಪದ ‘ಹೇರ್’ ಅಲ್ಲ, ಬ್ಯಾಂಕ್ ಪದದ ಸ್ವರವನ್ನು ಎಳೆದಂತೆ ‘ಹ್ಯಾರ್’.

ಹಂತ 4: ತಕಾರ ಎಲ್ಲಿ, ಟಕಾರ ಎಲ್ಲಿ

ಇದು ಕನ್ನಡಿಗರ ಸ್ವಂತ ಜಮೀನು, ಆದರೂ ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. ಕಾರಣ ಇಂಗ್ಲಿಷ್. ಟೇಬಲ್, ಡಾಕ್ಟರ್ ಎಂದು ಇಂಗ್ಲಿಷ್ ಪದಗಳನ್ನೆಲ್ಲ ಮೂರ್ಧನ್ಯದಿಂದ ನುಡಿದು ರೂಢಿಯಾದ ನಾವು, ರೋಮನ್ ಲಿಪಿ ಕಂಡೊಡನೆ ಟ, ಡ ಹಾಕುತ್ತೇವೆ. ಸ್ವೀಡಿಷ್‌ನ ಸಾಮಾನ್ಯ ಟಿ, ಡಿ ಅಕ್ಷರಗಳು ದಂತ್ಯಗಳು, ನಮ್ಮ ತ, ದ. ‘ಟಕ್ಕ್’ ಅಲ್ಲ, ‘ತಕ್ಕ್’. ‘ಡಾಗ್’ ಅಲ್ಲ, ‘ದಾಗ್’.

ಟ, ಡ, ಣ, ಳ, ಷ ಬೇಡವೇ ಎಂದರೆ, ಬೇಕು. ಅವುಗಳ ಜಾಗ ಬೇರೆ. ರಕಾರದ ನಂತರ ತ, ದ, ನ, ಲ, ಸ ಬಂದರೆ ಎರಡೂ ಕೂಡಿ ಒಂದೇ ಮೂರ್ಧನ್ಯವಾಗುತ್ತವೆ, ರಕಾರ ಕೇಳಿಸದೆ ಹೋಗುತ್ತದೆ. ‘ಬಾರ್ನ್’ ಎಂದು ಬರೆದದ್ದು ‘ಬಾಣ್’ ಆಗುತ್ತದೆ, ಅರ್ಥ ಮಗು. ಮೇಜು ‘ಬೂಡ್’, ಅದನ್ನು ‘ಬೂದ್’ ಎಂದರೆ ಸಣ್ಣ ಅಂಗಡಿ ಅಥವಾ ಗುಡಿಸಲು. ವೇಗ ‘ಫಾಟ್’, ‘ಫಾತ್’ ಎಂದರೆ ತಟ್ಟೆ. ಮಾರ್ಚ್ ತಿಂಗಳು ‘ಮಷ್’, ವ್ಯಕ್ತಿ ‘ಪೆಷೂನ್’. ಸ್ವೀಡನ್ನಿನ ರಾಜ ಕಾರ್ಲ್ ಗುಸ್ತಾಫರ ಮೊದಲ ಹೆಸರನ್ನು ಅಲ್ಲಿಯವರು ‘ಕಾಳ್’ ಎಂದೇ ಕರೆಯುತ್ತಾರೆ, ಆ ಳಕಾರ ನಮ್ಮ ‘ಬಾಳು’ ಪದದ್ದೇ. ಯೂರೋಪಿನ ಬೇರೆ ದೇಶಗಳಿಂದ ಬಂದ ಸಹಪಾಠಿಗಳು ಇದನ್ನು ನುಡಿಯಲು ಒದ್ದಾಡುವಾಗ ಸ್ವಲ್ಪ ಹೆಮ್ಮೆಪಟ್ಟರೆ ಅಡ್ಡಿಯಿಲ್ಲ.

ಈ ಸಂಧಿ ಪದಗಳ ನಡುವೆಯೂ ನಡೆಯುತ್ತದೆ. ‘ನಿನ್ನಲ್ಲಿ ಇದೆಯೇ’ ಎಂದು ಕೇಳುವ ‘ಹಾರ್ ದೂ’ ಆಡುಮಾತಿನಲ್ಲಿ ‘ಹಾ ಡೂ’. ಸಂಧಿಕಾರ್ಯವೆಂದರೆ ನಮಗೆ ಅಪರಿಚಿತವಲ್ಲವಾದ್ದರಿಂದ ಇದನ್ನು ಒಂದು ಸಂಧಿಯೆಂದೇ ಕಲಿಯಬಹುದು.

ಇನ್ನೆರಡು ವ್ಯಂಜನ ಸಂಗತಿಗಳನ್ನು ಬೇಗ ಮುಗಿಸೋಣ. ಒತ್ತಿನ ಅಕ್ಷರದ ಮೊದಲಲ್ಲಿ ಬರುವ ಪ, ತ, ಕ ತುಸು ಮಹಾಪ್ರಾಣವಾಗುತ್ತವೆ, ‘ತಕ್ಕ್’ ಎಂಬುದು ‘ಥಕ್ಕ್’ ಎಂಬುದರ ಹತ್ತಿರ. ಸಕಾರದ ನಂತರ ಬಂದರೆ ಅಲ್ಪಪ್ರಾಣವೇ. ಇಂಗ್ಲಿಷ್‌ನ ಝಕಾರದಂಥ ನಾದಯುಕ್ತ ಸಕಾರ ಸ್ವೀಡಿಷ್‌ನಲ್ಲಿಲ್ಲ: ಸಂಗೀತ ‘ಮುಸೀಕ್’, ಮೃಗಾಲಯ ‘ಸೂ’.

ಹಂತ 5: ಹಕಾರವೂ ಅಲ್ಲದ, ಷಕಾರವೂ ಅಲ್ಲದ ಧ್ವನಿ

ಸ್ವೀಡಿಷ್‌ನ ಹೆಸರಾಂತ ಕಷ್ಟ ಇದು. ಏಳು ಎಂಬ ಸಂಖ್ಯೆ, ಕಾಯಿಲೆಯವ, ನಕ್ಷತ್ರ, ಚಮಚ, ನಿಲ್ದಾಣ ಇವೆಲ್ಲ ಬೇರೆ ಬೇರೆ ಕಾಗುಣಿತದ ಪದಗಳಾದರೂ ಒಂದೇ ಧ್ವನಿ ಇವುಗಳಲ್ಲಿದೆ. ಮಧ್ಯ ಮತ್ತು ದಕ್ಷಿಣ ಸ್ವೀಡನ್ನಿನ ಬಹಳಷ್ಟು ಜನ ಇದನ್ನು ಬಾಯಿಯ ಹಿಂಭಾಗದಲ್ಲಿ ನುಡಿಯುತ್ತಾರೆ: ಕಕಾರಕ್ಕೆಂದು ನಾಲಿಗೆಯ ಹಿಂಭಾಗವನ್ನು ಎತ್ತಿ, ಪೂರ್ತಿ ಮುಚ್ಚದೆ ಉಸಿರನ್ನು ಉಜ್ಜಿ ಬಿಟ್ಟು, ತುಟಿ ದುಂಡು ಮಾಡಿದರೆ ಹತ್ತಿರ ಬರುತ್ತದೆ. ಬೀದರ್, ಕಲಬುರಗಿ ಕಡೆ ದಖನಿ ಉರ್ದು ಕೇಳಿ ಬೆಳೆದವರಿಗೆ ‘ಖಾನ್’ ಪದದ ಉಜ್ಜುವ ಖಕಾರ ಗೊತ್ತು. ಅದನ್ನು ಮೆದುಗೊಳಿಸಿ ‘ಹ್ವ’ ಸೇರಿಸಿದಂತೆ. ಇಲ್ಲಿ ಏಳನ್ನು ‘ಹ್ವ್ಯೂ’ ಎಂದು ಬರೆಯುತ್ತೇನೆ. ಉತ್ತರ ಸ್ವೀಡನ್ನಿನಲ್ಲಿ ಇದೇ ಪದ ಷಕಾರದಿಂದ ‘ಷ್ಯೂ’ ಆಗುತ್ತದೆ.

ಇದರ ಎದುರಾಳಿ ಇನ್ನೊಂದು ಧ್ವನಿ, ಅದು ನಮ್ಮ ತಾಲವ್ಯ ಶಕಾರ: ಇಪ್ಪತ್ತು ‘ಶ್ಯೂಗು’, ದಪ್ಪ ‘ಶೊಕ್ಕ್’. ಆಘಾತ ಎಂಬರ್ಥದ ಪದವೂ ಇದೇ ಸ್ವರದ್ದು, ಆದರೆ ಹಿಂದಿನ ಧ್ವನಿಯದು: ‘ಹ್ವೊಕ್ಕ್’. ಶ ಮತ್ತು ಷ ಎರಡೂ ಕನ್ನಡದಲ್ಲಿರುವುದರಿಂದ ಉತ್ತರದವರಂತೆ ಷಕಾರವನ್ನೇ ಬಳಸಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಅದು ಶುದ್ಧ ಸ್ವೀಡಿಷ್ಷೇ, ಯಾರೂ ತಪ್ಪೆನ್ನುವುದಿಲ್ಲ. ಆದರೆ ಬರವಣಿಗೆಯಲ್ಲಿ ಶ–ಷ ಭೇದ ಕಾಯುವ ನಮ್ಮಲ್ಲಿ ಮಾತಿನಲ್ಲಿ ಕಾಯುವವರು ಕಡಿಮೆ. ‘ವಿಶೇಷ’ ಎಂದು ಹೇಳಿ ಮೊಬೈಲಿನಲ್ಲಿ ಮುದ್ರಿಸಿ ಕೇಳಿ. ಎರಡು ಧ್ವನಿಗಳು ಬೇರೆಯಾಗಿ ಕೇಳಿಸಿದರೆ ಷಕಾರ ಹಿಡಿಯಿರಿ, ಇಲ್ಲವಾದರೆ ಹಿಂದಿನ ‘ಹ್ವ’ ಧ್ವನಿಯೇ ಒಳ್ಳೆಯದು, ದಪ್ಪಕ್ಕೂ ಆಘಾತಕ್ಕೂ ಗೊಂದಲವಾಗದು.

ಕಾಗುಣಿತದ ಒಂದು ನಿಯಮ ಈ ಹಂತಕ್ಕೆ ಸೇರಿದ್ದು. ರೋಮನ್ ಲಿಪಿಯ ಇ, ಐ, ವೈ, ಚುಕ್ಕೆಯ ಎ, ಚುಕ್ಕೆಯ ಓ ಎಂಬ ಐದು ಮೃದು ಸ್ವರಗಳ ಹಿಂದೆ, ಒತ್ತಿನ ಅಕ್ಷರದಲ್ಲಿ, ಕಕಾರ ಸಾಮಾನ್ಯವಾಗಿ ಶಕಾರವಾಗುತ್ತದೆ, ಗಕಾರ ಯಕಾರವಾಗುತ್ತದೆ, ‘ಸ್ಕ’ ಎಂಬುದು ‘ಹ್ವ’ ಆಗುತ್ತದೆ. ಹಾಗಾಗಿ ಬೆಂಗಳೂರಿನ ಕಚೇರಿಗಳಲ್ಲಿ ಎಲ್ಲರೂ ‘ಕಿಸ್ತಾ’ ಎನ್ನುವ ಜಾಗ ಅಲ್ಲಿ ‘ಶೀಸ್ತ’. ಲಿಂಕೋಪಿಂಗ್ ಅಲ್ಲಿ ‘ಲಿನ್‌ಶೋಪಿಂಗ್’. ಗೋಥೆನ್‌ಬರ್ಗ್‌ನ ಸ್ವೀಡಿಷ್ ಹೆಸರು ‘ಯೊತೆಬೊರ್ಯ್’.

ಅಭ್ಯಾಸಕ್ಕೆ ಆರೋಗ್ಯ ಸಲಹೆಯ ದೂರವಾಣಿ ಸಂಖ್ಯೆ 1177ಕ್ಕಿಂತ ಒಳ್ಳೆಯ ಪದ ಸಿಗಲಾರದು. ಅದನ್ನು ‘ಎಲ್ವ’ (ಹನ್ನೊಂದು) ಮತ್ತು ‘ಹ್ವುತ್ತಿಹ್ವ್ಯೂ’ (ಎಪ್ಪತ್ತೇಳು) ಎಂದು ಹೇಳುತ್ತಾರೆ. ಒಂದೇ ಉಸಿರಿನಲ್ಲಿ ಎರಡು ಬಾರಿ ಆ ಧ್ವನಿ ಬರುತ್ತದೆ. ಬರವಣಿಗೆಯಲ್ಲಿ ನಡುವೆ ಇರುವ ಓ ಅಕ್ಷರ ಆಡುಮಾತಿನಲ್ಲಿ ಸಾಮಾನ್ಯವಾಗಿ ಬಿದ್ದುಹೋಗುತ್ತದೆ.

ಹಂತ 6: ಪದದೊಳಗಿನ ರಾಗ

ಸ್ವೀಡಿಷ್ ಹಾಡಿದಂತೆ ಕೇಳಲು ಕಾರಣ ಅದರ ಎರಡು ಸ್ವರಭಾರಗಳು, ಅಂದರೆ ಪದದೊಳಗೆ ಧ್ವನಿ ಏರಿಳಿಯುವ ಎರಡು ಬಗೆಗಳು. ‘ತೊಮ್ತೆನ್’ ಎಂಬ ಪದವನ್ನು ಒಂದನೆಯ ಸ್ವರಭಾರದಲ್ಲಿ ಹೇಳಿದರೆ ‘ಆ ನಿವೇಶನ’, ಎರಡನೆಯದರಲ್ಲಿ ಹೇಳಿದರೆ ಕ್ರಿಸ್‌ಮಸ್ ತಾತ. ‘ಅಂದೆನ್’ ಒಂದರಲ್ಲಿ ‘ಆ ಬಾತುಕೋಳಿ’, ಇನ್ನೊಂದರಲ್ಲಿ ‘ಆ ಆತ್ಮ’. ಇಂಥ ಜೋಡಿಗಳು 300ಕ್ಕೂ ಹೆಚ್ಚಿವೆ. ಸ್ಟಾಕ್‌ಹೋಮ್ ಧಾಟಿಯಲ್ಲಿ ಒಂದನೆಯ ಸ್ವರಭಾರಕ್ಕೆ ಒತ್ತಿನ ಅಕ್ಷರ ತಗ್ಗಿನಲ್ಲಿ ಆರಂಭವಾಗಿ ಧ್ವನಿ ಒಮ್ಮೆ ಏರುತ್ತದೆ. ಎರಡನೆಯದಕ್ಕೆ ಮೊದಲ ಅಕ್ಷರ ಎತ್ತರದಿಂದ ಜಾರಿ, ಮುಂದಿನ ಅಕ್ಷರದಲ್ಲಿ ಮತ್ತೆ ಏರುತ್ತದೆ, ಹೀಗೆ ಎರಡು ಶಿಖರ. ಪದಗಳನ್ನು ಬಿಟ್ಟು ಬಾಯಿ ಮುಚ್ಚಿ ‘ಹ್ಞೂಂ–ಹ್ಞೂಂ’ ಎಂದು ಗುನುಗಿ ಈ ಆಕಾರವನ್ನು ಮೊದಲು ಹಿಡಿಯಿರಿ, ಆಮೇಲೆ ಪದ ತುಂಬಿ.

ಜೋಡಿಗಳ ಪಟ್ಟಿಯನ್ನು ಉರು ಹೊಡೆಯುವುದು ವ್ಯರ್ಥ. ನಿವೇಶನವೋ ಕ್ರಿಸ್‌ಮಸ್ ತಾತನೋ ಎಂಬುದು ಸಂದರ್ಭದಿಂದಲೇ ತಿಳಿಯುತ್ತದೆ. ಅದರ ಬದಲು ಸಮಾಸಗಳಿಗೆ ಗಮನ ಕೊಡಿ, ಏಕೆಂದರೆ ಸ್ವೀಡಿಷ್ ಸಮಾಸಗಳ ಭಾಷೆ. ಮಧ್ಯ ಸ್ವೀಡನ್ನಿನಲ್ಲಿ ಸಮಾಸಪದಕ್ಕೆ ಎರಡನೆಯ ಸ್ವರಭಾರ. ಮೊದಲ ಶಿಖರ ಪೂರ್ವಪದದಲ್ಲಿ, ಎರಡನೆಯದು ಉತ್ತರಪದದಲ್ಲಿ. ಆಸ್ಪತ್ರೆಯ ನರ್ಸ್‌ಗೆ ಬಳಸುವ ಪದವನ್ನು ಒಂದೇ ಸಮಾಸವಾಗಿ ಹೇಳದೆ ಎರಡು ಬಿಡಿ ಪದಗಳಂತೆ ಹೇಳಿದರೆ ‘ಕಾಯಿಲೆ ಬಿದ್ದಿರುವ ಆರೈಕೆದಾರ್ತಿ’ ಎಂದು ಅರ್ಥವಾಗುತ್ತದೆ. ಸರಳ ಪದಗಳಿಗೆ ಒಂದು ಸ್ಥೂಲ ಸೂತ್ರ ಸಾಕು: ಒಂದಕ್ಷರದ ನಾಮಪದಕ್ಕೆ ನಿರ್ದಿಷ್ಟಸೂಚಕ ಪ್ರತ್ಯಯ ಹತ್ತಿದರೆ ಒಂದನೆಯ ಸ್ವರಭಾರವೇ ಉಳಿಯುತ್ತದೆ, ಅಕಾರಾಂತವಾದ ‘ತಾಲ’, ‘ಫ್ಲಿಕ್ಕ’ (ಹುಡುಗಿ) ಮುಂತಾದವು ಎರಡನೆಯದು.

ಹಂತ 7: ಬರೆದದ್ದನ್ನು ಮರೆತು ಆಡಿದ್ದನ್ನು ಕಲಿಯಿರಿ

‘ನಾನು’ ಎಂಬ ಪದವನ್ನು ಗಕಾರದೊಂದಿಗೆ ಬರೆದರೂ ಹೇಳುವುದು ‘ಯಾ’. ‘ಮತ್ತು’ ಎಂಬುದು ‘ಒ’, ‘ಇದೆ’ ಎಂಬುದು ‘ಎ’, ‘ಅದು’ ಎಂಬುದು ‘ದೆ’. ‘ಅವರು’, ‘ಅವರನ್ನು’ ಎಂಬ ಎರಡು ರೂಪಗಳನ್ನು ಬೇರೆಯಾಗಿ ಬರೆದರೂ ಆಡುವುದು ಎರಡನ್ನೂ ‘ದೊಮ್ಮ್’ ಎಂದೇ. ‘ನನ್ನನ್ನು’ ಎಂಬುದು ‘ಮೆಯ್’. ಇಂಥ ಹತ್ತು–ಹನ್ನೆರಡು ಪದಗಳು ಪ್ರತಿ ವಾಕ್ಯದಲ್ಲೂ ಬರುವುದರಿಂದ, ಇವನ್ನು ಪುಸ್ತಕದಂತೆ ಸ್ಪಷ್ಟವಾಗಿ ಹೇಳುವವರ ಮಾತು ಉಳಿದೆಲ್ಲ ಸರಿಯಿದ್ದರೂ ಹೊರಗಿನದೆಂದು ಕೇಳಿಸುತ್ತದೆ.

ಹಂತ 8: ಒಂದೇ ವಾಕ್ಯ ಹಿಡಿದು ದೇಶ ಸುತ್ತಿ

ಈಗ ಕಿವಿಯ ಸರದಿ. ‘ಮೇಜಿನ ಬಳಿ ಏಳು ಮಕ್ಕಳು’ ಎಂಬ ಪುಟ್ಟ ಮಾತನ್ನು ಪರೀಕ್ಷೆಗೆ ಇಟ್ಟುಕೊಳ್ಳೋಣ. ಸ್ಟಾಕ್‌ಹೋಮ್‌ನಲ್ಲಿ ಅದು ‘ಹ್ವ್ಯೂ ಬಾಣ್ ವಿ ಬೂಡೆತ್’. ಇದರಲ್ಲಿ ಹಿಂದಿನ ಧ್ವನಿ, ಮೂರ್ಧನ್ಯ, ಊಕಾರ ಮೂರೂ ಇವೆ. ಯಾವ ಊರಿನಲ್ಲಿ ಯಾವುದು ಬದಲಾಯಿತೆಂದು ನೋಡಿದರೆ ಧಾಟಿ ಗೊತ್ತಾಗುತ್ತದೆ.

ಮಾಲ್ಮೊ ಮತ್ತು ಲುಂಡ್ ಇರುವ ಸ್ಕೋನೆ 1658ರ ರೊಸ್‌ಕಿಲ್ಡೆ ಒಪ್ಪಂದದವರೆಗೆ ಡೆನ್ಮಾರ್ಕಿಗೆ ಸೇರಿತ್ತು, ಅದರ ಗುರುತು ಮಾತಿನಲ್ಲಿದೆ. ಇಲ್ಲಿ ರಕಾರ ಗಂಟಲಿನದು, ಆದ್ದರಿಂದ ‘ಬಾಣ್’ ಇಲ್ಲ. ಆಕಾರದ ನಂತರ ಗಂಟಲು ಕೆರೆದಂಥ ರಕಾರ, ಅದಾದ ಮೇಲೆ ದಂತ್ಯ ನಕಾರ ಕೇಳುತ್ತದೆ. ‘ಬೂಡೆತ್’ ಪದದ ಊಕಾರ ಒಂಟಿಯಾಗಿ ನಿಲ್ಲದೆ ‘ಎಉ’ ಎಂಬಂಥ ಜೋಡಿ ಸ್ವರವಾಗಿ ಒಡೆಯುತ್ತದೆ. ‘ಬೂಕ್’ ಎಂಬುದು ‘ಬೆಉಕ್’ ಆಗುತ್ತದೆ. ಹಳೆಯ ತಲೆಮಾರಿನ ಹಳ್ಳಿ ಮಾತಿನಲ್ಲಿ ದೀರ್ಘ ಸ್ವರದ ನಂತರದ ಪ, ತ, ಕ ಗಳು ಬ, ದ, ಗ ಆಗುವುದೂ ಉಂಟು. ಎರಡನೆಯ ಸ್ವರಭಾರಕ್ಕೆ ಇಲ್ಲಿ ಎರಡು ಶಿಖರಗಳಿಲ್ಲ, ಒಂದೇ ಶಿಖರ ತಡವಾಗಿ ಬರುತ್ತದೆ. ಅದಕ್ಕಾಗಿಯೇ ಸ್ಟಾಕ್‌ಹೋಮ್ ಧಾಟಿಗೆ ಒಗ್ಗಿದ ಕಿವಿಗೆ ಇಲ್ಲಿನ ರಾಗ ತಲೆಕೆಳಗಾದಂತೆ ತೋರುವುದು. ಊರುಗಳ ರಾಗವನ್ನು ಶಿಖರಗಳ ಸಂಖ್ಯೆ ಮತ್ತು ಸ್ಥಾನದಿಂದ ವರ್ಗೀಕರಿಸಿದ ಧ್ವನಿವಿಜ್ಞಾನಿಗಳಾದ ಎವಾ ಗೋರ್ಡಿಂಗ್ ಮತ್ತು ಯೊಸ್ತಾ ಬ್ರೂಸ್ ಇಬ್ಬರೂ ಲುಂಡ್ ವಿಶ್ವವಿದ್ಯಾಲಯದವರು. ಕಲಿಕಾರ್ಥಿಗಳು ಹೆಚ್ಚು ಹೆದರುವುದು ಈ ಧಾಟಿಗೇ, ಆದರೆ ಗಂಟಲ ರಕಾರ ಮತ್ತು ಒಡೆದ ಸ್ವರ ಎಂಬ ಎರಡು ಬೀಗಗಳನ್ನು ತೆರೆದರೆ ಉಳಿದದ್ದು ಸುಲಭ.

ಗೋಥೆನ್‌ಬರ್ಗ್‌ನಲ್ಲಿ ವ್ಯಂಜನಗಳು ಬಹುತೇಕ ಸ್ಟಾಕ್‌ಹೋಮ್‌ನವೇ. ವಾಕ್ಯದ ಕೊನೆಯಲ್ಲಿ ಧ್ವನಿ ಏರುವುದರಿಂದ ಎಲ್ಲವೂ ಪ್ರಶ್ನೆಯಂತೆ ಕೇಳಬಹುದು. ರಕಾರದ ಹಿಂದಿನ ಚುಕ್ಕೆಯ ಓ ಇಲ್ಲಿ ಅಷ್ಟಾಗಿ ಬಾಯಿ ತೆರೆಯುವುದಿಲ್ಲ. ಈಕಾರದಲ್ಲಿ ಜೇನುಹುಳದ ಗುಂಯ್‌ಗುಟ್ಟುವಿಕೆಯಂಥದು ಸೇರುತ್ತದೆ. ಇದಕ್ಕೆ ನೇರ್ಕೆ ಪ್ರಾಂತದ ಒಂದು ಊರಿನ ಹೆಸರಿನಿಂದ ವೀಬಿ–ಈ ಎಂದೂ, ಸ್ಟಾಕ್‌ಹೋಮ್‌ನ ಸಿರಿವಂತ ಬಡಾವಣೆಯ ಹೆಸರಿನಿಂದ ಲೀದಿಂಗೊ–ಈ ಎಂದೂ ಕರೆಯುತ್ತಾರೆ. ಅನುಕರಿಸುವ ಅಗತ್ಯವಿಲ್ಲ.

ಉತ್ತರದ ನೊರ್‌ಲಾಂಡ್‌ನಲ್ಲಿ ನಮ್ಮ ವಾಕ್ಯ ‘ಷ್ಯೂ ಬಾಣ್’ ಎಂದು ಆರಂಭವಾಗುತ್ತದೆ. ಊಮಿಯೊ ಸುತ್ತಮುತ್ತ ‘ಹೌದು’ ಎನ್ನಲು ಪದವನ್ನೇ ಬಿಟ್ಟು ತುಟಿ ದುಂಡು ಮಾಡಿ ಗಾಳಿಯನ್ನು ‘ಶ್ಶುಪ್’ ಎಂದು ಒಳಗೆಳೆದುಕೊಳ್ಳುತ್ತಾರೆ. ಮೊದಲ ಸಲ ಕೇಳಿದವರು ಎದುರಿನವರು ಬೆಚ್ಚಿಬಿದ್ದರೆಂದು ತಿಳಿಯುತ್ತಾರೆ, ಅದು ಬರಿಯ ಸಮ್ಮತಿ. ಉತ್ತರದ ಮತ್ತು ಮಧ್ಯದ ಹಳ್ಳಿಮಾತುಗಳಲ್ಲಿ ‘ದಪ್ಪ ಲಕಾರ’ ಎಂಬುದೊಂದಿದೆ, ನಾಲಿಗೆಯನ್ನು ಹಿಂದೆ ಮಡಿಚಿ ಒಮ್ಮೆ ಬಡಿದು ಬಿಡುವ ಧ್ವನಿ. ಳಕಾರವನ್ನು ಅವಸರದಲ್ಲಿ ಹೇಳಿದರೆ ಅದಕ್ಕೆ ಹತ್ತಿರವಾಗುತ್ತದೆ.

ಫಿನ್‌ಲ್ಯಾಂಡಿನ ಜನಸಂಖ್ಯೆಯಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಸ್ವೀಡಿಷ್ ಮನೆಮಾತು, ಮತ್ತು ಅವರ ಧಾಟಿ ಕನ್ನಡಿಗರ ಕಿವಿಗೆ ಎಲ್ಲಕ್ಕಿಂತ ಸ್ಪಷ್ಟ. ‘ಶ್ಯೂ ಬಾರ್ನ್ ವಿದ್ ಬೂರ್ದೆತ್’ ಎಂದು ಬರೆದಂತೆಯೇ ಓದುತ್ತಾರೆ: ರಕಾರ ಉಳಿಯುತ್ತದೆ, ಮೂರ್ಧನ್ಯವಿಲ್ಲ, ಪ–ತ–ಕಗಳಿಗೆ ಮಹಾಪ್ರಾಣವಿಲ್ಲ, ಎರಡು ಸ್ವರಭಾರಗಳ ಭೇದವೂ ಇಲ್ಲ. ಇಪ್ಪತ್ತು ಇಲ್ಲಿ ‘ಚ್ಯೂಗು’. ಆರಂಭದ ತಿಂಗಳುಗಳಲ್ಲಿ ಕೇಳಲು ಇದಕ್ಕಿಂತ ಒಳ್ಳೆಯದಿಲ್ಲ. ಫಿನ್‌ಲ್ಯಾಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆಯ ‘ಯೂಲೆ ವೇಗ’ ವಾಹಿನಿ ಇದಕ್ಕೆ ತಕ್ಕದ್ದು.

ಗೊತ್‌ಲಾಂಡ್ ದ್ವೀಪದ ಜೋಡಿ ಸ್ವರಗಳು, ದಾಲಾರ್ನದ ಏರುರಾಗ ಇವನ್ನು ಎದುರಾದಾಗ ನೋಡಿಕೊಂಡರಾಯಿತು. ಎಲ್ವ್‌ದಾಲೆನ್ ಕಣಿವೆಯ ಮಾತು ಇತರ ಸ್ವೀಡಿಷರಿಗೇ ಅರ್ಥವಾಗದು. ಆದರೆ ರಿಂಕೆಬಿಯಂಥ ವಲಸಿಗರ ಬಡಾವಣೆಗಳ ಯುವಜನರ ಸ್ವೀಡಿಷನ್ನು ಗಮನಿಸಬೇಕು, ಏಕೆಂದರೆ ಕಿಸ್ತಾ ಅದರ ನೆರೆಯಲ್ಲೇ ಇದೆ. ಭಾಷಾವಿಜ್ಞಾನಿ ಉಲ್ಲಾ–ಬ್ರಿತ್ ಕೊತ್ಸಿನಾಸ್ 1980ರ ದಶಕದಲ್ಲೇ ಅಧ್ಯಯನ ಮಾಡಿದ ಈ ಮಾತು ಅರೆಬರೆ ಕಲಿಕೆಯ ಫಲವೆಂದು ಭಾವಿಸುವುದು ತಪ್ಪು. ಅದಕ್ಕೆ ತನ್ನದೇ ಪದಕೋಶ, ತನ್ನದೇ ಲಯ ಇವೆ.

ಹಂತ 9: ಅಭ್ಯಾಸದ ಕ್ರಮ

ಸ್ವೇದಿಯಾ 2000 ಎಂಬ ಯೋಜನೆ ಸ್ವೀಡನ್ ಮತ್ತು ಫಿನ್‌ಲ್ಯಾಂಡಿನ 100ಕ್ಕೂ ಹೆಚ್ಚು ಊರುಗಳಲ್ಲಿ ಹಿರಿಯ–ಕಿರಿಯ ಸ್ತ್ರೀಪುರುಷರ ಮಾತನ್ನು ಮುದ್ರಿಸಿಕೊಂಡಿದೆ, ಅದರ ತುಣುಕುಗಳು ಅಂತರಜಾಲದಲ್ಲಿವೆ. ನಿಮ್ಮ ಊರಿನ ಒಬ್ಬ ಹಿರಿಯರನ್ನೂ ಒಬ್ಬ ಕಿರಿಯರನ್ನೂ ಆರಿಸಿ. ಇಬ್ಬರ ನಡುವಿನ ಅಂತರ ನೋಡಿದರೆ ಯಾವ ಗುಣ ಉಳಿಯುತ್ತಿದೆ, ಯಾವುದು ಮಾಯವಾಗುತ್ತಿದೆ ಎಂಬುದು ತಿಳಿಯುತ್ತದೆ. ಕಲಿಯಬೇಕಾದದ್ದು ಕಿರಿಯರ ಮಾತು.

ದಿನದ ಅಭ್ಯಾಸಕ್ಕೆ ಸ್ವೀಡಿಷ್ ರೇಡಿಯೊದ ಸರಳ ಸ್ವೀಡಿಷ್ ವಾರ್ತೆಯಿಂದ ಎರಡು ವಾಕ್ಯ ಸಾಕು. ಮೊದಲು ಬರಿದೆ ಕೇಳಿ ದೀರ್ಘ ಎಲ್ಲಿ, ದ್ವಿತ್ವ ಎಲ್ಲಿ ಎಂದು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ನಮ್ಮ ಲಿಪಿ ಈ ಕೆಲಸಕ್ಕೆ ರೋಮನ್ ಲಿಪಿಗಿಂತ ಉತ್ತಮ. ನಂತರ ರಾಗವನ್ನಷ್ಟೇ ಗುನುಗಿ. ಮೂರನೆಯದಾಗಿ ವಾಚಕರ ಜೊತೆಜೊತೆಗೇ, ಅರ್ಧ ಕ್ಷಣ ಹಿಂದೆ ಉಳಿದು, ಹೇಳಿ. ಕೊನೆಗೆ ನಿಮ್ಮದನ್ನು ಮುದ್ರಿಸಿ ಮೂಲದ ಪಕ್ಕದಲ್ಲಿಟ್ಟು ಕೇಳಿ, ಒಂದೇ ಒಂದು ದೋಷವನ್ನು ಆರಿಸಿ ಮರುದಿನಕ್ಕೆ ಇಟ್ಟುಕೊಳ್ಳಿ. ಈ ವಾರ್ತೆ ಹಿಡಿತಕ್ಕೆ ಬಂದ ಮೇಲೆ ಅದೇ ರೇಡಿಯೊದ ‘ಪೇ ಫೀರ’ ಸ್ಥಳೀಯ ವಾಹಿನಿಗಳಿಗೆ ಹೋಗಿ, ಮಾಲ್ಮೊ, ಗೋಥೆನ್‌ಬರ್ಗ್, ನೊರ್‌ಬೊತ್ತೆನ್ ಹೀಗೆ ಒಂದೊಂದನ್ನು ಒಂದೆರಡು ವಾರ ಕೇಳಿ. ವಾಚಕರ ಮಾತಿಗಿಂತ ಅಲ್ಲಿಗೆ ಕರೆ ಮಾಡುವ ಕೇಳುಗರ ಮಾತಿನಲ್ಲಿ ಊರಿನ ಧಾಟಿ ದಟ್ಟವಾಗಿರುತ್ತದೆ.

ನಿಜವಾದ ಸಂಭಾಷಣೆಯಲ್ಲಿ ಒಂದು ಅಡ್ಡಿ ಖಂಡಿತ ಎದುರಾಗುತ್ತದೆ. ನಿಮ್ಮ ಮಾತಿನಲ್ಲಿ ಹೊರಗಿನ ಧಾಟಿ ಕೇಳಿದೊಡನೆ ಸ್ವೀಡಿಷರು ಸೌಜನ್ಯದಿಂದ ಇಂಗ್ಲಿಷಿಗೆ ಹೊರಳುತ್ತಾರೆ. ಆಗ ‘ವಿ ಕನ್ ತಾ ದೆ ಪೋ ಸ್ವೆನ್ಸ್ಕ’, ಅಂದರೆ ‘ಸ್ವೀಡಿಷ್‌ನಲ್ಲೇ ಮಾತಾಡಬಹುದು’ ಎಂದು ನಗುಮುಖದಿಂದ ಹೇಳಿ. ಧಾಟಿ ಅರ್ಥವಾಗದಿದ್ದರೆ ‘ಕನ್ ದೂ ತಾ ದೆ ಎನ್ ಗೋಂಗ್ ತಿಲ್ಲ್’ ಎಂದು ಇನ್ನೊಮ್ಮೆ ಹೇಳುವಂತೆ ಕೇಳಿ. ಈ ಎರಡು ವಾಕ್ಯಗಳನ್ನು ಉಳಿದೆಲ್ಲಕ್ಕಿಂತ ಮೊದಲು, ಸರಿಯಾದ ಉದ್ದ ಮತ್ತು ಒತ್ತಿನೊಂದಿಗೆ ಬಾಯಿಪಾಠ ಮಾಡಿಟ್ಟುಕೊಳ್ಳಬೇಕು, ಏಕೆಂದರೆ ಇವನ್ನು ಸರಾಗವಾಗಿ ಹೇಳಿದರೆ ಎದುರಿನವರು ಇಂಗ್ಲಿಷಿಗೆ ಮರಳುವ ಸಂಭವ ಕಡಿಮೆ.